ಗಿಟ್‌ನಲ್ಲಿ ಮೇನ್ ಒಂದಲ್ಲ, ಮೂರು: ಯಾವ ಕೆಲಸಕ್ಕೆ ಯಾವ ಬ್ರಾಂಚನ್ನು ಮುಟ್ಟಬೇಕು?

ಗಿಟ್ ಎಂದರೆ ಕೋಡಿನ ಬದಲಾವಣೆಗಳ ಇತಿಹಾಸ ಇಟ್ಟುಕೊಳ್ಳುವ ಉಪಕರಣ. ಅದರಲ್ಲಿ ಒಂದು ಬದಲಾವಣೆಯ ದಾಖಲೆ ಕಮಿಟ್, ಕಮಿಟ್‌ಗಳ ಒಂದು ಎಳೆ ಬ್ರಾಂಚ್, ಮುಖ್ಯ ಎಳೆಯ ರೂಢಿಯ ಹೆಸರು ಮೇನ್. ಕಮಿಟ್ ಮಾಡಿ ಮುಗಿಸಿ ಗಿಟ್ ಸ್ಟೇಟಸ್ ಕೇಳುತ್ತೀರಿ. ನಿಮ್ಮ ಬ್ರಾಂಚ್ ಒರಿಜಿನ್/ಮೇನ್‌ಗಿಂತ ಒಂದು ಕಮಿಟ್ ಮುಂದಿದೆ ಎಂಬ ಉತ್ತರ ಬರುತ್ತದೆ. ಹಿಂದೆ ಬಿದ್ದಿರುವ ಸುದ್ದಿಯೇ ಇಲ್ಲ. ಧೈರ್ಯವಾಗಿ ಪುಶ್ ಮಾಡುತ್ತೀರಿ, ಅಂದರೆ ಕಮಿಟ್ ಅನ್ನು ಸರ್ವರ್‌ಗೆ ಕಳಿಸುತ್ತೀರಿ. ಗಿಟ್ ಒಪ್ಪುವುದಿಲ್ಲ, ಮೊದಲು ಫೆಚ್ ಮಾಡಿ (ಸರ್ವರ್‌ನಲ್ಲಿರುವ ಹೊಸ ಕಮಿಟ್‌ಗಳನ್ನು ತಂದುಕೊಂಡು) ಬನ್ನಿ ಎಂದು ವಾಪಸ್ ಕಳಿಸುತ್ತದೆ. ಒಂದೇ ಉಪಕರಣ ಅರೆ ನಿಮಿಷದಲ್ಲಿ ಎರಡು ಮಾತಾಡಿದಂತೆ ತೋರುತ್ತದೆ. ಆದರೆ ಎರಡೂ ಉತ್ತರಗಳು ನಿಜ. ಸ್ಟೇಟಸ್ ನೋಡಿದ್ದು ಒಂದು ಬ್ರಾಂಚನ್ನು, ಪುಶ್ ಎದುರಿಸಿದ್ದು ಇನ್ನೊಂದನ್ನು.

ಬಹಳಷ್ಟು ಪಾಠಗಳು ಸ್ಥಳೀಯ ಬ್ರಾಂಚ್, ರಿಮೋಟ್ ಬ್ರಾಂಚ್ ಎಂದು ಎರಡನ್ನು ಹೇಳಿ ಮುಂದಕ್ಕೆ ಹೋಗಿಬಿಡುತ್ತವೆ. ಗೊಂದಲ ಹುಟ್ಟುವುದೇ ಈ ಲೆಕ್ಕದಿಂದ ಎಂಬುದು ನನ್ನ ಖಚಿತ ಅಭಿಪ್ರಾಯ. ಇರುವುದು ಮೂರು. ಮೊದಲನೆಯದು ನಿಮ್ಮ ಯಂತ್ರದಲ್ಲಿ ನೀವು ಕಮಿಟ್ ಮಾಡುವ ಮೇನ್. ಎರಡನೆಯದು ಸರ್ವರ್‌ನಲ್ಲಿ ಇರುವ ಮೇನ್. ಅದನ್ನು ಯಾರು ಬೇಕಾದರೂ, ಯಾವಾಗ ಬೇಕಾದರೂ ಮುಂದಕ್ಕೆ ಒಯ್ದಿರಬಹುದು. ಮೂರನೆಯದು ಒರಿಜಿನ್/ಮೇನ್. ಹೆಸರು ಕೇಳಿದರೆ ದೂರದಲ್ಲಿ ಇರುವಂತೆ ಅನ್ನಿಸುತ್ತದೆ, ಆದರೆ ಅದರ ವಾಸ ನಿಮ್ಮ ಯಂತ್ರದಲ್ಲೇ. ಕಳೆದ ಸಲ ಸರ್ವರ್ ಜೊತೆ ಮಾತನಾಡಿದಾಗ ಅಲ್ಲಿನ ಮೇನ್ ಎಲ್ಲಿ ನಿಂತಿತ್ತು ಎಂಬುದನ್ನು ಗಿಟ್ ಬರೆದಿಟ್ಟುಕೊಂಡ ನೆನಪು ಅದು. ಇದಕ್ಕೆ ರಿಮೋಟ್-ಟ್ರ್ಯಾಕಿಂಗ್ ಬ್ರಾಂಚ್ ಎನ್ನುತ್ತಾರೆ.

ಫೆಚ್ ಸಾಕೇ, ಪುಲ್ ಬೇಕೇ? ಮರ್ಜ್ ಮಾಡಬೇಕೇ, ರಿಬೇಸ್ ಮಾಡಬೇಕೇ? ಕೆಲಸವನ್ನು ನಮ್ಮಲ್ಲೇ ಇಟ್ಟುಕೊಳ್ಳಬೇಕೇ, ಪುಶ್ ಮಾಡಬೇಕೇ? ಫೋರ್ಸ್ ಹಾಕಬಹುದೇ? ದಿನನಿತ್ಯ ಎದುರಾಗುವ ಇಂಥ ಪ್ರತಿಯೊಂದು ಆಯ್ಕೆಯಲ್ಲೂ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ: ಈ ಆದೇಶ ಮೂರರಲ್ಲಿ ಯಾವುದನ್ನು ಕದಲಿಸುತ್ತದೆ? ಅದು ತಿಳಿದರೆ ಆಯ್ಕೆಯ ಅರ್ಧ ಕೆಲಸ ಆದ ಹಾಗೆಯೇ.

ಡಿಸ್ಕಿನ ಮೇಲೆ ಒಂದು ಬ್ರಾಂಚ್

ಬ್ರಾಂಚ್ ಎಂದರೆ ಕಡತಗಳ ದೊಡ್ಡ ನಕಲು ಎಂಬ ಕಲ್ಪನೆ ಹಳೆಯ ವ್ಯವಸ್ಥೆಗಳಿಂದ ಬಂದದ್ದು. ಗಿಟ್‌ನಲ್ಲಿ ಅದು ಒಂದು ಪುಟ್ಟ ಪಠ್ಯ ಕಡತ. ಪ್ರಾಜೆಕ್ಟ್ ಒಳಗಿನ ಡಾಟ್-ಗಿಟ್ ಫೋಲ್ಡರ್ ತೆರೆಯಿರಿ, ಅದರಲ್ಲಿ ರೆಫ್ಸ್, ಅದರೊಳಗೆ ಹೆಡ್ಸ್. ಅಲ್ಲಿ ಮೇನ್ ಎಂಬ ಕಡತ ಸಿಗುತ್ತದೆ. ತೆರೆದರೆ ಒಂದೇ ಸಾಲು: 40 ಅಕ್ಷರಗಳ ಒಂದು ಕಮಿಟ್ ಗುರುತು, ಕೊನೆಯಲ್ಲಿ ಹೊಸ ಸಾಲಿನ ಚಿಹ್ನೆ. ಒಟ್ಟು 41 ಬೈಟ್. ನೀವು ಕಮಿಟ್ ಮಾಡಿದಾಗಲೆಲ್ಲ ಈ ಸಾಲು ಬದಲಾಗಿ ಹೊಸ ಕಮಿಟ್ ಕಡೆಗೆ ತಿರುಗುತ್ತದೆ. ಬ್ರಾಂಚ್ ಮುಂದೆ ಹೋಯಿತು ಎಂದರೆ ನಡೆದದ್ದು ಇಷ್ಟೇ.

ಅದೇ ರೆಫ್ಸ್ ಒಳಗೆ ರಿಮೋಟ್ಸ್ ಎಂಬ ಇನ್ನೊಂದು ಫೋಲ್ಡರ್ ಇದೆ, ಅದರಲ್ಲಿ ಒರಿಜಿನ್, ಅದರಡಿ ರಿಮೋಟ್-ಟ್ರ್ಯಾಕಿಂಗ್ ಬ್ರಾಂಚ್‌ಗಳು. ಅವೂ ಇದೇ ಬಗೆಯ ಪುಟ್ಟ ಕಡತಗಳು. ಕೆಲವು ಸಲ ಕಡತ ಕಾಣಿಸದಿದ್ದರೆ ಗಾಬರಿ ಬೇಡ. ಗಿಟ್ ಇಂಥ ಹಲವು ಗುರುತುಗಳನ್ನು ಪ್ಯಾಕ್ಡ್-ರೆಫ್ಸ್ ಎಂಬ ಒಂದೇ ಕಡತದಲ್ಲಿ ಒಟ್ಟುಗೂಡಿಸಿ ಇಟ್ಟಿರುತ್ತದೆ.

ಈ ಎರಡು ಫೋಲ್ಡರ್‌ಗಳ ನಡುವಿನ ವ್ಯತ್ಯಾಸವೇ ಇಡೀ ವಿಷಯದ ತಿರುಳು. ಹೆಡ್ಸ್ ಒಳಗಿನದ್ದನ್ನು ಕದಲಿಸುವವರು ನೀವು: ಕಮಿಟ್, ಮರ್ಜ್, ರಿಬೇಸ್, ರೀಸೆಟ್. ರಿಮೋಟ್ಸ್ ಒಳಗಿನದ್ದನ್ನು ಕದಲಿಸುವುದು ಸರ್ವರ್ ಜೊತೆಗಿನ ಸಂಪರ್ಕ: ಫೆಚ್, ಅಥವಾ ಯಶಸ್ವಿಯಾದ ಪುಶ್. ಒರಿಜಿನ್/ಮೇನ್ ಮೇಲೆ ನಿಂತು ಕಮಿಟ್ ಮಾಡಲು ಗಿಟ್ ಬಿಡುವುದಿಲ್ಲ. ಅದನ್ನು ಚೆಕ್‌ಔಟ್ ಮಾಡಿದರೆ (ಅದರ ಮೇಲೆ ಹೋಗಿ ನಿಂತರೆ) ಯಾವ ಬ್ರಾಂಚಿಗೂ ಅಂಟದ ಸ್ಥಿತಿಗೆ, ಅಂದರೆ ಡಿಟ್ಯಾಚ್ಡ್ ಹೆಡ್ ಸ್ಥಿತಿಗೆ ಬರುತ್ತೀರಿ. ಅಲ್ಲಿ ಮಾಡಿದ ಕಮಿಟ್ ಯಾವ ಬ್ರಾಂಚಿಗೂ ಸೇರುವುದಿಲ್ಲ. ಉಳಿಸಿಕೊಳ್ಳಬೇಕೆಂದರೆ ಬೇರೆಡೆಗೆ ಹೋಗುವ ಮೊದಲೇ ಒಂದು ಬ್ರಾಂಚ್ ಕಟ್ಟಿಕೊಳ್ಳಿ.

ಕ್ಲೋನ್ ಮಾಡಿದ, ಅಂದರೆ ಸರ್ವರ್‌ನ ಪ್ರಾಜೆಕ್ಟಿನ ಪ್ರತಿ ತಂದುಕೊಂಡ ಮೊದಲ ದಿನ ಹೊಸಬರು ಕೇಳುವ ಪ್ರಶ್ನೆಯೊಂದಿದೆ: ಸರ್ವರ್‌ನಲ್ಲಿ ಹತ್ತಾರು ಬ್ರಾಂಚ್ ಇವೆ, ನನಗೆ ಒಂದೇ ಏಕೆ ಕಾಣುತ್ತಿದೆ? ಕ್ಲೋನ್ ಎಲ್ಲ ಬ್ರಾಂಚ್‌ಗಳ ಇತಿಹಾಸವನ್ನೂ ತರುತ್ತದೆ, ಎಲ್ಲಕ್ಕೂ ರಿಮೋಟ್-ಟ್ರ್ಯಾಕಿಂಗ್ ಗುರುತು ಹಾಕುತ್ತದೆ, ಆದರೆ ಸ್ಥಳೀಯ ಬ್ರಾಂಚ್ ಕಟ್ಟಿಕೊಡುವುದು ಸರ್ವರ್‌ನ ಮುಖ್ಯ ಬ್ರಾಂಚಿಗೆ ಮಾತ್ರ. ಉಳಿದವನ್ನು ನೋಡಲು ಗಿಟ್ ಬ್ರಾಂಚ್ ಆದೇಶಕ್ಕೆ ಆರ್ ಆಯ್ಕೆ ಕೊಡಬೇಕು. ಎಲ್ಲವನ್ನೂ ಒಟ್ಟಿಗೆ ನೋಡಲು ಎ ಆಯ್ಕೆ. ಬೇಕಾದ ಬ್ರಾಂಚಿನ ಹೆಸರು ಹೇಳಿ ಗಿಟ್ ಸ್ವಿಚ್ ಮಾಡಿದರೆ, ಆ ಹೆಸರಿನ ಬ್ರಾಂಚ್ ಒಂದೇ ರಿಮೋಟಿನಲ್ಲಿದ್ದರೆ (ರಿಮೋಟ್ ಎಂದರೆ ನಿಮ್ಮ ಗಿಟ್‌ಗೆ ವಿಳಾಸ ಗೊತ್ತಿರುವ ಸರ್ವರ್ ಪ್ರತಿ), ಗಿಟ್ ತಾನೇ ಊಹಿಸಿ ಸ್ಥಳೀಯ ಬ್ರಾಂಚ್ ಸೃಷ್ಟಿಸಿ ಎರಡನ್ನೂ ಜೋಡಿಸುತ್ತದೆ.

ಇದೇ ಕಾಲದ ಇನ್ನೊಂದು ವ್ಯವಸ್ಥೆ ಮರ್ಕ್ಯುರಿಯಲ್. ಲಿನಕ್ಸ್ ಕರ್ನಲ್ ತಂಡಕ್ಕೆ ಬಿಟ್‌ಕೀಪರ್ ಎಂಬ ಇಂಥದೇ ವ್ಯವಸ್ಥೆಯ ಉಚಿತ ಬಳಕೆ ನಿಂತುಹೋದ 2005ರಲ್ಲೇ ಗಿಟ್ ಮತ್ತು ಮರ್ಕ್ಯುರಿಯಲ್ ಎರಡೂ ಹುಟ್ಟಿದವು. ಮರ್ಕ್ಯುರಿಯಲ್‌ನಲ್ಲಿ ಹೆಸರಿಟ್ಟ ಬ್ರಾಂಚಿನ ಹೆಸರು ಕಮಿಟ್ ಒಳಗೇ ಅಚ್ಚಾಗಿರುತ್ತದೆ. ಗಿಟ್ ಬ್ರಾಂಚಿಗೆ ಹತ್ತಿರದ ಅಲ್ಲಿನ ವಸ್ತು ಬುಕ್‌ಮಾರ್ಕ್. ಅಲ್ಲಿಂದ ಬರುವವರು ಈ ಒಂದು ವಿಷಯವನ್ನು ನೆನಪಿಟ್ಟರೆ ಸಾಕು: ಗಿಟ್ ಕಮಿಟ್‌ಗೆ ತಾನು ಯಾವ ಬ್ರಾಂಚಿನಲ್ಲಿ ಹುಟ್ಟಿದೆ ಎಂಬುದೇ ಗೊತ್ತಿಲ್ಲ.

ಯಾವ ಆದೇಶ ಸರ್ವರ್ ಜೊತೆ ಮಾತಾಡುತ್ತದೆ?

ಲಾಗ್, ಡಿಫ್, ಸ್ಟೇಟಸ್, ಬ್ರಾಂಚ್ ಪಟ್ಟಿ: ಇವು ಯಾವುವೂ ನೆಟ್‌ವರ್ಕ್ ಮುಟ್ಟುವುದಿಲ್ಲ. ಇಂಟರ್‌ನೆಟ್ ಇಲ್ಲದೆಯೂ ಕೆಲಸ ಮಾಡುತ್ತವೆ, ಕ್ಷಣದಲ್ಲಿ ಉತ್ತರ ಕೊಡುತ್ತವೆ. ಈ ವೇಗಕ್ಕೆ ತೆರುವ ಬೆಲೆ ಎಂದರೆ ಇವು ಹೇಳುವ ರಿಮೋಟ್ ಸುದ್ದಿ ಹಳೆಯದಿರಬಹುದು. ‘ಒರಿಜಿನ್/ಮೇನ್‌ಗೆ ಸಮವಾಗಿದೆ’ ಎಂಬ ಸಾಲನ್ನು ‘ಕಳೆದ ಫೆಚ್ ಹೊತ್ತಿಗೆ ನನಗೆ ಗೊತ್ತಿದ್ದಷ್ಟಕ್ಕೆ ಸಮವಾಗಿದೆ’ ಎಂದು ಓದಿಕೊಳ್ಳಬೇಕು. ಫೆಚ್ ಮಾಡಿ ಮೂರು ದಿನ ಆಗಿದ್ದರೆ ಅದು ಮೂರು ದಿನ ಹಳೆಯ ಸುದ್ದಿ.

ಸರ್ವರ್‌ನ ಈ ಕ್ಷಣದ ಸ್ಥಿತಿ ಬೇಕು, ಆದರೆ ನಿಮ್ಮಲ್ಲಿ ಏನೂ ಕದಲಬಾರದು ಎಂದಾದರೆ ಗಿಟ್ ಎಲ್‌ಎಸ್-ರಿಮೋಟ್ ಇದೆ. ಅದು ಸರ್ವರ್‌ನಲ್ಲಿರುವ ಬ್ರಾಂಚ್‌ಗಳನ್ನೂ ಅವುಗಳ ಕಮಿಟ್ ಗುರುತುಗಳನ್ನೂ ಪಟ್ಟಿ ಮಾಡಿ ಸುಮ್ಮನಾಗುತ್ತದೆ. ಗಿಟ್ ರಿಮೋಟ್ ಶೋ ಒರಿಜಿನ್ ಕೂಡ ಸರ್ವರ್ ಕೇಳಿಯೇ ಉತ್ತರಿಸುತ್ತದೆ; ಯಾವ ಸ್ಥಳೀಯ ಬ್ರಾಂಚ್ ಯಾವುದಕ್ಕೆ ಪುಶ್ ಆಗುತ್ತದೆ, ಯಾವುದು ಹಳತಾಗಿದೆ ಎಂದು ಬಿಡಿಸಿ ಹೇಳುತ್ತದೆ. ನನಗೆ ಹೆಚ್ಚು ಇಷ್ಟವಾದದ್ದು ಗಿಟ್ ಬ್ರಾಂಚ್‌ಗೆ ಎರಡು ವಿ ಹಾಕಿ ಕೇಳುವುದು. ಪ್ರತಿ ಸ್ಥಳೀಯ ಬ್ರಾಂಚಿನ ಪಕ್ಕದಲ್ಲಿ ಅದರ ಜೋಡಿ, ಎಷ್ಟು ಮುಂದೆ, ಎಷ್ಟು ಹಿಂದೆ, ಎಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಫೆಚ್ ಮಾಡಿ ಕೂಡಲೇ ಇದನ್ನು ಓದುವುದು ಬೆಳಗಿನ ಮೊದಲ ಕೆಲಸವಾಗಬೇಕು.

ಫೆಚ್ ಅಥವಾ ಪುಲ್

ಫೆಚ್ ಒರಿಜಿನ್/ಮೇನ್ ಅನ್ನು ಕದಲಿಸುತ್ತದೆ. ನಿಮ್ಮ ಮೇನ್ ಇದ್ದಲ್ಲೇ ಇರುತ್ತದೆ, ತೆರೆದಿರುವ ಕಡತಗಳೂ ಹಾಗೆಯೇ. ಪುಲ್ ಮೊದಲು ಫೆಚ್ ಮಾಡಿ, ಬಂದದ್ದನ್ನು ಅದೇ ಉಸಿರಿನಲ್ಲಿ ನಿಮ್ಮ ಬ್ರಾಂಚಿಗೆ ಸೇರಿಸುತ್ತದೆ. ಅಂದರೆ ಮೂರರಲ್ಲಿ ಎರಡನ್ನು ಕದಲಿಸುತ್ತದೆ.

ನನ್ನ ಒಲವು ಫೆಚ್ ಕಡೆಗೆ, ಅದರಲ್ಲಿ ನನಗೆ ಸಂಶಯವಿಲ್ಲ. ಫೆಚ್ ಎಷ್ಟು ಸಲ ಮಾಡಿದರೂ ಅಪಾಯವಿಲ್ಲ. ಕೆಲಸ ಅರ್ಧಕ್ಕೆ ನಿಂತಿದ್ದರೂ ಮಾಡಬಹುದು, ಕಮಿಟ್ ಆಗದ ಬದಲಾವಣೆಗಳಿದ್ದರೂ ಮಾಡಬಹುದು. ಬಂದದ್ದೇನು ಎಂದು ನೋಡಿ ಆಮೇಲೆ ನಿರ್ಧರಿಸಬಹುದು. ನೋಡುವ ಕ್ರಮ ಹೀಗೆ: ಗಿಟ್ ಲಾಗ್‌ಗೆ ‘ಹೆಡ್..ಒರಿಜಿನ್/ಮೇನ್’ ಎಂದು ಎರಡು ಚುಕ್ಕಿಯ ವ್ಯಾಪ್ತಿ ಕೊಟ್ಟರೆ (ಹೆಡ್ ಎಂದರೆ ನೀವು ಈಗ ನಿಂತಿರುವ ಕಮಿಟ್) ಅವರಲ್ಲಿದ್ದು ನಿಮ್ಮಲ್ಲಿಲ್ಲದ ಕಮಿಟ್‌ಗಳು ಕಾಣುತ್ತವೆ; ಎರಡೂ ಹೆಸರನ್ನು ಅದಲುಬದಲು ಮಾಡಿದರೆ ನಿಮ್ಮಲ್ಲಿದ್ದು ಅವರಲ್ಲಿಲ್ಲದವು. ಈ ಎರಡು ಪಟ್ಟಿ ಓದಿದವರಿಗೆ ಮುಂದಿನ ಹೆಜ್ಜೆ ತಾನಾಗಿಯೇ ಕಾಣುತ್ತದೆ.

ಪುಲ್ ಕೆಟ್ಟದ್ದೇನಲ್ಲ. ನೀವು ಕಮಿಟ್ ಮಾಡದ, ಕೇವಲ ಓದಲು ಇಟ್ಟುಕೊಂಡ ಬ್ರಾಂಚಿಗೆ ಅದು ಸರಿಯಾದ ಸಾಧನ. ತೊಂದರೆ ಬರುವುದು ಎರಡೂ ಕಡೆ ಹೊಸ ಕಮಿಟ್ ಇದ್ದಾಗ. ಹಳೆಯ ಆವೃತ್ತಿಗಳಲ್ಲಿ ಪುಲ್ ಕೇಳದೆಯೇ ಮರ್ಜ್ ಕಮಿಟ್ ಸೃಷ್ಟಿಸುತ್ತಿತ್ತು, ಇತಿಹಾಸ ಅರ್ಥವಿಲ್ಲದ ಮರ್ಜ್‌ಗಳಿಂದ ತುಂಬುತ್ತಿತ್ತು. 2021ರಲ್ಲಿ ಬಂದ 2.33ನೇ ಆವೃತ್ತಿಯಿಂದ ಗಿಟ್ ಇಂಥ ಕಡೆ ನಿಂತು, ಎರಡೂ ಕಡೆ ಬೇರೆಯಾಗಿವೆ, ಹೇಗೆ ಸೇರಿಸಲಿ ಎಂದು ಕೇಳುತ್ತದೆ. ಅಲ್ಲಿ ಹೆಚ್ಚಿನವರು ಪರದೆಯಲ್ಲಿ ತೋರಿದ ಮೊದಲ ಸಾಲನ್ನು ನಕಲು ಮಾಡಿ ಅಂಟಿಸುತ್ತಾರೆ. ಅದರ ಬದಲು ಪುಲ್‌ನ ಸೆಟ್ಟಿಂಗ್‌ನಲ್ಲಿ ಎಫ್‌ಎಫ್ ಓನ್ಲಿ ಎಂದು ಇಡಿ. ಆಗ ನಿಮ್ಮ ಬ್ರಾಂಚ್ ನೇರವಾಗಿ ಮುಂದೆ ಸರಿಯಲು ಸಾಧ್ಯವಿದ್ದರೆ ಮಾತ್ರ ಪುಲ್ ನಡೆಯುತ್ತದೆ. ಇಲ್ಲದಿದ್ದರೆ ಏನನ್ನೂ ಕೆಡಿಸದೆ ನಿಲ್ಲುತ್ತದೆ. ಮರ್ಜ್ ಬೇಕೇ, ರಿಬೇಸ್ ಬೇಕೇ ಎಂಬುದನ್ನು ನೀವು ಕಣ್ಣು ಬಿಟ್ಟು ಆಯ್ದುಕೊಳ್ಳುತ್ತೀರಿ.

ಇಲ್ಲಿ ಇನ್ನೊಂದು ಮಾತು. ನಿಮ್ಮ ಕೆಲಸವೆಲ್ಲ ಬೇರೆ ಬ್ರಾಂಚ್‌ಗಳಲ್ಲೇ ನಡೆಯುವುದಾದರೆ ಸ್ಥಳೀಯ ಮೇನ್ ಅನ್ನು ಪ್ರತಿದಿನ ಹೊಸತಾಗಿ ಇಟ್ಟುಕೊಳ್ಳುವ ಶ್ರಮವೇ ಬೇಕಿಲ್ಲ. ಫೆಚ್ ಮಾಡಿ, ಹೊಸ ಬ್ರಾಂಚನ್ನು ನೇರವಾಗಿ ಒರಿಜಿನ್/ಮೇನ್‌ನಿಂದಲೇ ಕಟ್ಟಿ. ಸ್ಥಳೀಯ ಮೇನ್ ಬೇಕೇಬೇಕು ಎನ್ನುವವರು, ಇರುವ ಬ್ರಾಂಚ್ ಬಿಟ್ಟು ಕದಲದೆ, ಗಿಟ್ ಫೆಚ್ ಒರಿಜಿನ್ ಎಂದು ಬರೆದು ಮುಂದೆ ‘ಮೇನ್:ಮೇನ್’ ಸೇರಿಸಿದರೆ ಸಾಕು. ನೇರವಾಗಿ ಮುಂದೆ ಸರಿಯಲು ಸಾಧ್ಯವಿದ್ದರೆ ಅದು ಸರಿಯುತ್ತದೆ, ಇಲ್ಲದಿದ್ದರೆ ನಿರಾಕರಿಸುತ್ತದೆ.

ಎರಡೂ ಕಡೆ ಬೇರೆಯಾದಾಗ: ಮರ್ಜ್ ಅಥವಾ ರಿಬೇಸ್

ಒಂದು ಚಿತ್ರ ಇಟ್ಟುಕೊಳ್ಳೋಣ. ಸರ್ವರ್‌ನ ಮೇನ್‌ನಲ್ಲಿ ಕ, ಖ ಎಂಬ ಎರಡು ಕಮಿಟ್ ಇದ್ದವು. ನೀವು ಕ್ಲೋನ್ ಮಾಡಿದಿರಿ; ಮೂರೂ ಮೇನ್‌ಗಳು ಖ ಮೇಲೆ ನಿಂತಿವೆ. ನೀವು ಗ ಎಂಬ ಕಮಿಟ್ ಮಾಡುತ್ತೀರಿ. ಈಗ ನಿಮ್ಮ ಮೇನ್ ಗ ಮೇಲಿದೆ, ಒರಿಜಿನ್/ಮೇನ್ ಖ ಮೇಲೆಯೇ ಇದೆ. ಅಷ್ಟರಲ್ಲಿ ಸಹೋದ್ಯೋಗಿ ಘ ಎಂಬ ಕಮಿಟ್ ಪುಶ್ ಮಾಡಿದ್ದಾರೆ. ಸರ್ವರ್‌ನ ಮೇನ್ ಘ ಮೇಲಿದೆ. ಮೂರು ಮೇನ್‌ಗಳು ಮೂರು ಕಡೆ. ಮೊದಲು ಹೇಳಿದ ಎರಡು ಮಾತಿನ ಒಗಟು ಇದೇ: ಸ್ಟೇಟಸ್ ಗ ಮತ್ತು ಖ ಗಳನ್ನು ಹೋಲಿಸಿ ಒಂದು ಮುಂದೆ ಎಂದಿತು, ಪುಶ್ ಹೋಗಿ ಘ ಅನ್ನು ಎದುರಿಸಿತು. ಗ ಒಳಗೆ ಘ ಇಲ್ಲದ ಕಾರಣ, ಪುಶ್ ಒಪ್ಪಿದ್ದರೆ ಘ ಸರ್ವರ್‌ನ ಬ್ರಾಂಚಿನಿಂದ ಬಿದ್ದುಹೋಗುತ್ತಿತ್ತು. ಗಿಟ್ ನಿರಾಕರಿಸಿದ್ದು ಸಹೋದ್ಯೋಗಿಯ ಕೆಲಸ ಉಳಿಸಲು.

ಫೆಚ್ ಮಾಡಿದರೆ ಒರಿಜಿನ್/ಮೇನ್ ಘ ಗೆ ಬರುತ್ತದೆ. ಈಗ ಮರ್ಜ್ ಮಾಡಿದರೆ ಗ, ಘ ಎರಡನ್ನೂ ಪೋಷಕರಾಗಿ ಹೊಂದಿದ ಙ ಎಂಬ ಹೊಸ ಕಮಿಟ್ ಹುಟ್ಟುತ್ತದೆ. ಗ ಇದ್ದ ಹಾಗೇ ಉಳಿಯುತ್ತದೆ. ರಿಬೇಸ್ ಮಾಡಿದರೆ ಗ ದಲ್ಲಿನ ಬದಲಾವಣೆಯನ್ನು ಘ ಮೇಲೆ ಮತ್ತೆ ಹಚ್ಚಿ ಹೊಸ ಕಮಿಟ್ ಮಾಡುತ್ತದೆ. ಅದರ ಸಂದೇಶ ಅದೇ, ಬದಲಾವಣೆ ಅದೇ, ಆದರೆ ಪೋಷಕ ಬೇರೆಯಾದ್ದರಿಂದ ಗುರುತು ಬೇರೆ. ಗಿಟ್ ದೃಷ್ಟಿಯಲ್ಲಿ ಅದು ಇನ್ನೊಂದು ಕಮಿಟ್. ಹಳೆಯ ಗ ಬ್ರಾಂಚಿನಿಂದ ಕಳಚಿಕೊಂಡಿತು.

ಆಯ್ಕೆ ಇಲ್ಲಿಂದಲೇ ಹೊರಡುತ್ತದೆ. ಗ ನಿಮ್ಮ ಯಂತ್ರ ಬಿಟ್ಟು ಹೋಗಿಲ್ಲ ಎಂದಾದರೆ ರಿಬೇಸ್ ಮಾಡಿ. ಇತಿಹಾಸ ಒಂದೇ ಎಳೆಯಲ್ಲಿ ಓದಿಸಿಕೊಳ್ಳುತ್ತದೆ, ಯಾರಿಗೂ ತೊಂದರೆಯಿಲ್ಲ. ಗ ಈಗಾಗಲೇ ಸರ್ವರ್ ಸೇರಿ, ಅದರ ಮೇಲೆ ಬೇರೆಯವರು ಕೆಲಸ ಕಟ್ಟಿದ್ದಾರೆ ಎಂದಾದರೆ ಮರ್ಜ್. ರಿಬೇಸ್ ಮಾಡಿದರೆ ಅವರ ಬಳಿ ಹಳೆಯ ಗ, ನಿಮ್ಮ ಬಳಿ ಹೊಸ ಗ. ಒಂದೇ ಬದಲಾವಣೆ ಎರಡು ಸಲ ಇತಿಹಾಸದಲ್ಲಿ ಕಾಣಿಸಿಕೊಳ್ಳುತ್ತದೆ, ಬಿಡಿಸಲು ಅವರ ಇಡೀ ಮಧ್ಯಾಹ್ನ ಹೋಗುತ್ತದೆ. ರಿಬೇಸ್ ಚೆಂದವೋ ಮರ್ಜ್ ಚೆಂದವೋ ಎಂದು ತಂಡಗಳು ಮಾಡುವ ವಾದದಲ್ಲಿ ಈ ಒಂದು ಪ್ರಶ್ನೆ ಮರೆತೇಹೋಗುತ್ತದೆ: ಈ ಕಮಿಟ್ ಬೇರೆ ಯಾರ ಬಳಿಯಾದರೂ ಇದೆಯೇ? ಉತ್ತರ ‘ಹೌದು’ ಎಂದಾದರೆ ಚೆಂದದ ಮಾತು ಬದಿಗಿಡಿ.

ದೊಡ್ಡ ಬ್ರಾಂಚಿನಲ್ಲಿ ರಿಬೇಸ್ ಇನ್ನೊಂದು ಕಾರಣಕ್ಕೂ ಬಳಲಿಸುತ್ತದೆ. ಇಪ್ಪತ್ತು ಕಮಿಟ್ ಇದ್ದರೆ ಒಂದೊಂದನ್ನೂ ಮತ್ತೆ ಹಚ್ಚುವುದರಿಂದ ಒಂದೇ ಜಾಗದ ಘರ್ಷಣೆಯನ್ನು (ಒಂದೇ ಸಾಲನ್ನು ಎರಡೂ ಕಡೆ ಬದಲಿಸಿದಾಗ ಏಳುವ ತಿಕ್ಕಾಟವನ್ನು) ಹಲವು ಸಲ ಬಿಡಿಸಬೇಕಾಗಬಹುದು. ಮರ್ಜ್‌ನಲ್ಲಿ ಎಲ್ಲವೂ ಒಂದೇ ಸಲಕ್ಕೆ. ಆದ್ದರಿಂದ ಬ್ರಾಂಚ್ ಚಿಕ್ಕದಾಗಿದ್ದಾಗಲೇ ಆಗಾಗ ರಿಬೇಸ್ ಮಾಡುತ್ತ ಬರುವುದು ಒಳ್ಳೆಯದು. ವಾರಗಟ್ಟಲೆ ಬಿಟ್ಟು ಕೊನೆಗೆ ಮಾಡುವುದಾದರೆ ಮರ್ಜ್ ಹೆಚ್ಚು ಪ್ರಾಮಾಣಿಕ.

ನಮ್ಮಲ್ಲೇ ಇಟ್ಟುಕೊಳ್ಳುವುದೋ, ಪುಶ್ ಮಾಡುವುದೋ?

ಪುಶ್ ಮಾಡದ ಬ್ರಾಂಚಿನಲ್ಲಿ ಪೂರ್ತಿ ಸ್ವಾತಂತ್ರ್ಯವಿದೆ. ಕಮಿಟ್ ಒಡೆಯಿರಿ, ಕೂಡಿಸಿ, ಸಂದೇಶ ತಿದ್ದಿ, ಅಳಿಸಿ, ಕೇಳುವವರಿಲ್ಲ. ಆದರೆ ಡಿಸ್ಕ್ ಕೆಟ್ಟರೆ ಎಲ್ಲ ಹೋಯಿತು. ಕಮಿಟ್ ಮಾಡಿದ್ದೇನೆ, ಸುರಕ್ಷಿತ ಎಂಬ ಭಾವನೆ ಬಹಳ ಜನರಲ್ಲಿದೆ. ಹಳೆಯ ಕೇಂದ್ರೀಕೃತ ವ್ಯವಸ್ಥೆಗಳಲ್ಲಿ ಕಮಿಟ್ ನೇರವಾಗಿ ಸರ್ವರ್‌ಗೇ ಹೋಗುತ್ತಿದ್ದುದರಿಂದ ಬಂದ ಅಭ್ಯಾಸ ಅದು. ಗಿಟ್‌ನಲ್ಲಿ ಕಮಿಟ್ ಆಗುವುದು ನಿಮ್ಮ ಡಿಸ್ಕಿನಲ್ಲಿ ಮಾತ್ರ.

ಪುಶ್ ಮಾಡಿದರೆ ಕೆಲಸಕ್ಕೆ ಎರಡನೇ ಪ್ರತಿ ಸಿಗುತ್ತದೆ, ಸ್ವಯಂಚಾಲಿತ ಪರೀಕ್ಷೆಗಳು ಓಡುತ್ತವೆ, ಸಹೋದ್ಯೋಗಿಗಳು ನೋಡಿ ಮಾತಾಡಬಹುದು. ಕಳೆದುಕೊಳ್ಳುವುದು ಇತಿಹಾಸ ತಿದ್ದುವ ನಿಶ್ಚಿಂತೆಯನ್ನು. ಅದನ್ನೂ ಪೂರ್ತಿ ಕಳೆದುಕೊಳ್ಳಬೇಕಿಲ್ಲ. ಬ್ರಾಂಚಿನ ಹೆಸರಿನ ಮುಂದೆ ನಿಮ್ಮ ಹೆಸರು ಸೇರಿಸಿ, ‘ಹೆಸರಿನಿಂದ ಆರಂಭವಾಗುವ ಬ್ರಾಂಚ್ ಆಯಾ ವ್ಯಕ್ತಿಯದು, ಅದರ ಇತಿಹಾಸ ಬದಲಾಗಬಹುದು, ಅದರ ಮೇಲೆ ಕೆಲಸ ಕಟ್ಟಬೇಡಿ’ ಎಂದು ತಂಡದಲ್ಲಿ ಒಪ್ಪಂದ ಮಾಡಿಕೊಳ್ಳಿ. ಆಮೇಲೆ ಪ್ರತಿ ಸಂಜೆ ಪುಶ್ ಮಾಡಿ, ಅರೆಬರೆ ಕೆಲಸವಾದರೂ ಸರಿ. ಅರೆಬೆಂದದ್ದನ್ನು ಇತರರಿಗೆ ತೋರಿಸಲು ಸಂಕೋಚಪಟ್ಟು ವಾರಗಟ್ಟಲೆ ಒಂದೇ ಯಂತ್ರದಲ್ಲಿ ಕೂಡಿಟ್ಟ ಕೆಲಸಕ್ಕಿಂತ, ಗಲೀಜಾಗಿದ್ದರೂ ಸರ್ವರ್ ಸೇರಿದ ಬ್ರಾಂಚ್ ಸಾವಿರ ಪಾಲು ಮೇಲು. ಪಾಸ್‌ವರ್ಡ್, ಗುಪ್ತ ಕೀಲಿಗಳು ಕಮಿಟ್‌ನಲ್ಲಿ ಇಲ್ಲ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಿ. ಒಮ್ಮೆ ಸರ್ವರ್ ಸೇರಿದ ಕೀಲಿಯನ್ನು ಬಹಿರಂಗವಾಯಿತು ಎಂದೇ ಎಣಿಸಿ ಬದಲಿಸಬೇಕು.

ಮೊದಲ ಪುಶ್‌ನಲ್ಲಿ ಜೋಡಿ ಹೊಂದಿಸುವ ವಿಷಯ. ಸ್ಥಳೀಯ ಬ್ರಾಂಚಿಗೆ ರಿಮೋಟಿನ ಯಾವ ಬ್ರಾಂಚ್ ಜೋಡಿ ಎಂಬುದನ್ನು ಅಪ್‌ಸ್ಟ್ರೀಮ್ ಎನ್ನುತ್ತಾರೆ. ಹೊಸ ಬ್ರಾಂಚನ್ನು ಮೊದಲ ಸಲ ಪುಶ್ ಮಾಡುವಾಗ ಯು ಆಯ್ಕೆ ಹಾಕಿದರೆ ಅದು ದಾಖಲಾಗುತ್ತದೆ. 2022ರ 2.37ನೇ ಆವೃತ್ತಿಯಿಂದ ಪುಶ್‌ಗೆ ಆಟೋಸೆಟಪ್‌ರಿಮೋಟ್ ಎಂಬ ಸೆಟ್ಟಿಂಗ್ ಇದೆ. ಅದನ್ನು ಒಮ್ಮೆ ಆನ್ ಮಾಡಿದರೆ ಈ ಚಿಂತೆ ಮುಗಿಯಿತು.

ಒಂದು ಬಲೆಯ ಬಗ್ಗೆ ಮಾತ್ರ ಎಚ್ಚರ. ಒರಿಜಿನ್/ಮೇನ್‌ನಿಂದ ಹೊಸ ಬ್ರಾಂಚ್ ಕಟ್ಟಿದರೆ ಗಿಟ್ ಅದರ ಅಪ್‌ಸ್ಟ್ರೀಮ್ ಅನ್ನು ಒರಿಜಿನ್/ಮೇನ್ ಎಂದೇ ಬರೆದುಕೊಳ್ಳುತ್ತದೆ. 2014ರ 2.0 ಆವೃತ್ತಿಯಿಂದ ಪುಶ್‌ನ ಮೂಲ ಸೆಟ್ಟಿಂಗ್ ಸಿಂಪಲ್. ಎರಡು ಕಡೆಯ ಹೆಸರು ಬೇರೆಯಿದ್ದರೆ ಅದು ಪುಶ್ ಮಾಡಲು ನಿರಾಕರಿಸಿ ನಿಮ್ಮನ್ನು ಉಳಿಸುತ್ತದೆ. ಆದರೆ ಯಾರೋ ಆ ಸೆಟ್ಟಿಂಗನ್ನು ಅಪ್‌ಸ್ಟ್ರೀಮ್ ಎಂದು ಬದಲಿಸಿದ್ದರೆ ನಿಮ್ಮ ಅರೆಬರೆ ಕೆಲಸ ನೇರವಾಗಿ ಮೇನ್‌ಗೆ ಹೋಗಿ ಬೀಳುತ್ತದೆ. ಬ್ರಾಂಚ್ ಕಟ್ಟುವಾಗ ನೋ-ಟ್ರ್ಯಾಕ್ ಆಯ್ಕೆ ಸೇರಿಸುವುದು ಇದಕ್ಕೆ ಸರಳ ಪರಿಹಾರ.

ಫೋರ್ಸ್ ಹಾಕಲೇಬೇಕಾದಾಗ

ನಿಮ್ಮದೇ ಬ್ರಾಂಚನ್ನು ಪುಶ್ ಮಾಡಿ ಆಮೇಲೆ ರಿಬೇಸ್ ಮಾಡಿದರೆ ಮಾಮೂಲಿ ಪುಶ್ ನಡೆಯುವುದಿಲ್ಲ. ಸರ್ವರ್‌ನಲ್ಲಿರುವುದು ಹಳೆಯ ಎಳೆ, ನಿಮ್ಮದು ಹೊಸದು. ಇಲ್ಲಿ ಫೋರ್ಸ್ ನ್ಯಾಯವೇ. ಪ್ರಶ್ನೆ ಯಾವ ಫೋರ್ಸ್ ಎಂಬುದು.

ಬರಿಯ ಫೋರ್ಸ್ ಸರ್ವರ್‌ನಲ್ಲಿ ಏನಿದ್ದರೂ ಲೆಕ್ಕಿಸದೆ ನಿಮ್ಮದನ್ನು ಕೂರಿಸುತ್ತದೆ. ಮಧ್ಯದಲ್ಲಿ ಸಹೋದ್ಯೋಗಿ ಅದೇ ಬ್ರಾಂಚಿಗೆ ಒಂದು ತಿದ್ದುಪಡಿ ಸೇರಿಸಿದ್ದರೆ ಅದು ಸದ್ದಿಲ್ಲದೆ ಹೋಗುತ್ತದೆ. ಫೋರ್ಸ್-ವಿತ್-ಲೀಸ್ ಇಲ್ಲಿ ಮೂರನೇ ಬ್ರಾಂಚನ್ನು ಬಳಸಿಕೊಳ್ಳುತ್ತದೆ: ಸರ್ವರ್‌ನ ಬ್ರಾಂಚ್ ಈಗಲೂ ನನ್ನ ರಿಮೋಟ್-ಟ್ರ್ಯಾಕಿಂಗ್ ಬ್ರಾಂಚ್ ನೆನಪಿಟ್ಟ ಕಮಿಟ್ ಮೇಲೆಯೇ ಇದ್ದರೆ ಮಾತ್ರ ಬದಲಿಸು, ಬೇರೆ ಏನಾದರೂ ಬಂದಿದ್ದರೆ ಬೇಡ. ಇದು 2013ರಿಂದಲೂ ಇದೆ. ಇಷ್ಟಾದರೂ ಬರಿಯ ಫೋರ್ಸ್ ಬೆರಳ ತುದಿಯ ಅಭ್ಯಾಸವಾಗಿ ಉಳಿದಿರುವುದು ನೋವಿನ ಸಂಗತಿ.

ಆದರೆ ಲೀಸ್‌ಗೂ ಒಂದು ಸಂದಿ ಇದೆ, ಅದು ಬಹಳ ಜನರಿಗೆ ತಿಳಿಯದು. ಇಂದಿನ ಹಲವು ಎಡಿಟರ್‌ಗಳಲ್ಲಿ ಕೆಲವು ನಿಮಿಷಕ್ಕೊಮ್ಮೆ ಹಿನ್ನೆಲೆಯಲ್ಲಿ ಫೆಚ್ ಮಾಡುವ ಸೌಲಭ್ಯವಿದೆ. ಹಾಗೆ ಫೆಚ್ ಆದ ಕೂಡಲೇ ಸಹೋದ್ಯೋಗಿಯ ತಿದ್ದುಪಡಿ ನಿಮ್ಮ ಒರಿಜಿನ್ ನೆನಪಿಗೆ ಸೇರುತ್ತದೆ. ನೀವು ನೋಡಿಲ್ಲ, ಆದರೆ ಗಿಟ್ ಲೆಕ್ಕದಲ್ಲಿ ನಿಮಗೆ ಗೊತ್ತು. ಲೀಸ್ ಪರೀಕ್ಷೆ ಪಾಸಾಗುತ್ತದೆ, ತಿದ್ದುಪಡಿ ಹೋಗುತ್ತದೆ. ಇದಕ್ಕೆಂದೇ 2020ರ ಕೊನೆಯಲ್ಲಿ ಬಂದ 2.30ನೇ ಆವೃತ್ತಿಯಲ್ಲಿ ಫೋರ್ಸ್-ಇಫ್-ಇನ್‌ಕ್ಲೂಡ್ಸ್ ಸೇರಿತು. ರಿಮೋಟ್-ಟ್ರ್ಯಾಕಿಂಗ್ ಬ್ರಾಂಚಿನ ತುದಿ ನಿಮ್ಮ ಸ್ಥಳೀಯ ಬ್ರಾಂಚಿನ ಓಡಾಟದ ದಾಖಲೆಯಲ್ಲಿ ಎಂದಾದರೂ ಸೇರಿಕೊಂಡಿತ್ತೇ ಎಂದು ಅದು ನೋಡುತ್ತದೆ. ಸೇರಿರದಿದ್ದರೆ ಪುಶ್ ನಿಲ್ಲುತ್ತದೆ. ಲೀಸ್ ಜೊತೆಗೆ ಇದನ್ನೂ ಸೇರಿಸಿ ಒಂದು ಅಡ್ಡಹೆಸರು ಮಾಡಿಟ್ಟುಕೊಂಡರೆ ನೆಮ್ಮದಿ. ಮೇನ್‌ನಂಥ ಹಂಚಿಕೊಂಡ ಬ್ರಾಂಚಿಗೆ ಫೋರ್ಸ್ ಹಾಕುವ ಅಧಿಕಾರವನ್ನೇ ಸರ್ವರ್‌ನಲ್ಲಿ ಮುಚ್ಚಿಬಿಡಿ. ಇದರಲ್ಲಿ ಚರ್ಚೆಗೆ ಅವಕಾಶವಿಲ್ಲ.

ಅಳಿಸುವುದು

ಬ್ರಾಂಚ್ ಮೂರು ಕಡೆ ಇರುವುದರಿಂದ ಅಳಿಸುವುದೂ ಮೂರು ಬಗೆ. ಗಿಟ್ ಬ್ರಾಂಚ್‌ಗೆ ಸಣ್ಣ ಡಿ ಹಾಕಿದರೆ ಸ್ಥಳೀಯದ್ದು ಹೋಗುತ್ತದೆ, ಅದೂ ಅದರ ಕೆಲಸ ಅಪ್‌ಸ್ಟ್ರೀಮ್‌ಗೆ ಸೇರಿದ್ದರೆ ಮಾತ್ರ, ಅಪ್‌ಸ್ಟ್ರೀಮ್ ಇಲ್ಲದಿದ್ದರೆ ನೀವು ಈಗ ನಿಂತಿರುವ ಬ್ರಾಂಚಿಗೆ. ದೊಡ್ಡ ಡಿ ಕೇಳದೆ ಅಳಿಸುತ್ತದೆ. ಸರ್ವರ್‌ನದ್ದು ಹೋಗಲು ಪುಶ್‌ಗೆ ಡಿಲೀಟ್ ಆಯ್ಕೆ ಬೇಕು. ಬೇರೆಯವರು ಸರ್ವರ್‌ನಲ್ಲಿ ಅಳಿಸಿದ ಬ್ರಾಂಚ್‌ಗಳ ನೆನಪು ಮಾತ್ರ ನಿಮ್ಮಲ್ಲಿ ಹಾಗೇ ಉಳಿದಿರುತ್ತದೆ. ಫೆಚ್‌ಗೆ ಪ್ರೂನ್ ಸೇರಿಸಿದರೆ ಅವೂ ತೊಲಗುತ್ತವೆ. ಪ್ರೂನ್ ಅನ್ನು ಸೆಟ್ಟಿಂಗ್‌ನಲ್ಲೇ ಕಾಯಂ ಮಾಡಿ. ಅದು ಸ್ಥಳೀಯ ಬ್ರಾಂಚ್‌ಗಳನ್ನು ಮುಟ್ಟುವುದಿಲ್ಲ.

ಒಂದು ರಿಮೋಟ್ ಅಥವಾ ಎರಡು

ತಂಡದ ಎಲ್ಲರಿಗೂ ಪುಶ್ ಮಾಡುವ ಅಧಿಕಾರವಿದ್ದರೆ ಒಂದೇ ರಿಮೋಟ್ ಸಾಕು. ಮುಕ್ತ ತಂತ್ರಾಂಶ ಯೋಜನೆಗಳಲ್ಲಿ ಮೂಲ ರೆಪೊಸಿಟರಿಗೆ (ಇತಿಹಾಸ ಸಮೇತದ ಪ್ರಾಜೆಕ್ಟಿಗೆ) ಬರೆಯುವ ಅಧಿಕಾರ ಹೊರಗಿನವರಿಗೆ ಸಾಮಾನ್ಯವಾಗಿ ಇರುವುದಿಲ್ಲ. ಆಗ ನಿಮ್ಮ ಫೋರ್ಕ್ (ಸರ್ವರ್‌ನಲ್ಲಿ ನಿಮ್ಮ ಖಾತೆಯಲ್ಲಿರುವ ಪ್ರತಿ) ಒಂದು, ಮೂಲ ಒಂದು, ಹೀಗೆ ಎರಡು. ರೂಢಿಯಲ್ಲಿ ಫೋರ್ಕ್‌ಗೆ ಒರಿಜಿನ್ ಎಂದೂ ಮೂಲಕ್ಕೆ ಅಪ್‌ಸ್ಟ್ರೀಮ್ ಎಂದೂ ಹೆಸರಿಡುತ್ತಾರೆ (ಬ್ರಾಂಚಿನ ಜೋಡಿ ಎಂಬ ಅರ್ಥದ ಅಪ್‌ಸ್ಟ್ರೀಮ್ ಬೇರೆ, ಇದು ರಿಮೋಟ್‌ನ ಹೆಸರು ಮಾತ್ರ). ಒರಿಜಿನ್ ಎಂಬ ಹೆಸರಿಗೆ ವಿಶೇಷ ಶಕ್ತಿಯೇನೂ ಇಲ್ಲ, ಕ್ಲೋನ್ ಆದೇಶ ತಾನಾಗಿ ಕೊಡುವ ಹೆಸರು ಅಷ್ಟೇ. ಈಗ ಮೇನ್‌ಗಳ ಸಂಖ್ಯೆ ಐದಾಗುತ್ತದೆ, ಆದರೆ ನಿಯಮ ಬದಲಾಗುವುದಿಲ್ಲ: ಮೂಲದಿಂದ ಫೆಚ್, ಫೋರ್ಕ್‌ಗೆ ಪುಶ್. ರಿಮೋಟ್‌ನ ಪುಶ್‌ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಒರಿಜಿನ್ ಎಂದು ಬರೆದಿಟ್ಟರೆ, ಬ್ರಾಂಚಿನ ಜೋಡಿ ಮೂಲದ ಮೇನ್ ಆಗಿದ್ದರೂ ಪುಶ್ ಫೋರ್ಕ್‌ಗೇ ಹೋಗುತ್ತದೆ. ಫೋರ್ಕ್‌ನ ಮೇನ್ ಹಳತಾಯಿತೆಂದು ಕೆಲವರು ಕೊರಗುತ್ತಾರೆ. ಅದನ್ನು ಹೊಸದಾಗಿ ಇಡುವ ಅಗತ್ಯವೇ ಇಲ್ಲ. ಹೊಸ ಬ್ರಾಂಚ್‌ಗಳನ್ನು ಮೂಲದ ಮೇನ್‌ನಿಂದ ಕಟ್ಟಿದರಾಯಿತು.

ತಪ್ಪಿದ್ದನ್ನು ಎಲ್ಲಿ ಹುಡುಕಬೇಕು

ಬ್ರಾಂಚ್ ಎಂಬ ಗುರುತು ಎಲ್ಲೆಲ್ಲಿ ಓಡಾಡಿತು ಎಂಬುದನ್ನು ಗಿಟ್ ರಿಫ್ಲಾಗ್‌ನಲ್ಲಿ ಬರೆದಿಡುತ್ತದೆ. ಮೂಲ ಸೆಟ್ಟಿಂಗ್‌ನಲ್ಲಿ ಈ ದಾಖಲೆ 90 ದಿನ ಉಳಿಯುತ್ತದೆ. ಬ್ರಾಂಚಿನಿಂದ ಈಗ ತಲುಪಲಾಗದ ಕಮಿಟ್‌ಗಳದ್ದು 30 ದಿನ. ರಿಬೇಸ್ ಕೆಟ್ಟರೆ ಇಲ್ಲಿ ಹಳೆಯ ಗುರುತು ಹುಡುಕಿ ಅಲ್ಲಿಗೆ ಹೊಸ ಬ್ರಾಂಚ್ ಕಟ್ಟಬಹುದು. ಕಮಿಟ್ ಆಗದೆ ಹೋದ ಬದಲಾವಣೆಗೆ ಮಾತ್ರ ಈ ರಕ್ಷಣೆ ಇಲ್ಲ.

ರಿಮೋಟ್-ಟ್ರ್ಯಾಕಿಂಗ್ ಬ್ರಾಂಚ್‌ಗಳಿಗೂ ರಿಫ್ಲಾಗ್ ಇದೆ ಎಂಬುದು ಅಷ್ಟಾಗಿ ಬಳಕೆಯಾಗದ ವರ. ಯಾರೋ ಮೇನ್‌ಗೆ ಫೋರ್ಸ್ ಹಾಕಿದರು, ನೀವು ಫೆಚ್ ಮಾಡಿಬಿಟ್ಟಿರಿ ಎಂದುಕೊಳ್ಳಿ. ಫೆಚ್ ಆಗುವಾಗ ಆ ಸಾಲಿನ ಮುಂದೆ ಕೂಡಿಸುವ ಚಿಹ್ನೆಯೂ ಕೊನೆಯಲ್ಲಿ ಫೋರ್ಸ್ಡ್ ಅಪ್‌ಡೇಟ್ ಎಂಬ ಸೂಚನೆಯೂ ಬರುತ್ತವೆ. ಆಗ ಗಿಟ್ ರಿಫ್ಲಾಗ್‌ಗೆ ಒರಿಜಿನ್/ಮೇನ್ ಎಂದು ಹೆಸರು ಕೊಟ್ಟು ನೋಡಿದರೆ ಹಿಂದಿನ ಫೆಚ್‌ನಲ್ಲಿ ಅದು ಯಾವ ಕಮಿಟ್ ಮೇಲಿತ್ತು ಎಂಬುದು ಎರಡನೇ ಸಾಲಿನಲ್ಲೇ ಇರುತ್ತದೆ. ಸರ್ವರ್‌ಗಳಲ್ಲಿ ಬಳಸುವ, ಕೆಲಸದ ಕಡತಗಳಿಲ್ಲದೆ ಇತಿಹಾಸ ಮಾತ್ರ ಇರುವ ಬೇರ್ ರೆಪೊಸಿಟರಿಗಳಲ್ಲಿ ರಿಫ್ಲಾಗ್ ಮೂಲತಃ ಆಫ್ ಆಗಿರುತ್ತದೆ. ಹಾಗಾಗಿ ಕಳೆದುಹೋದ ಮೇನ್ ಅನ್ನು ಮರಳಿ ನಿಲ್ಲಿಸಬೇಕಾದಾಗ ತಂಡದಲ್ಲಿ ಮೊದಲು ಕೇಳಬೇಕಾದದ್ದು ಈ ಬೆಳಿಗ್ಗೆಯಿಂದ ಇನ್ನೂ ಫೆಚ್ ಮಾಡದವರು ಯಾರಿದ್ದಾರೆ ಎಂದು. ಅವರ ಒರಿಜಿನ್/ಮೇನ್ ಇನ್ನೂ ಹಳೆಯ ಜಾಗದಲ್ಲೇ ಇರುತ್ತದೆ.